ಲಿಪಿಕಾರನ ಕೈ: ಕನ್ನಡದಲ್ಲಿ ಕೈಬರಹವೂ ಬೆರಳಚ್ಚೂ

೧

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದರು. ಈ ಶಾಸನಗಳ ಕೊನೆಯಲ್ಲಿ ಅವನ್ನು ಬರೆದವನ ಹೆಸರು ಉಂಟು: ಚಪಡ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ ಆತ ತನ್ನ ವೃತ್ತಿಯನ್ನು ಸೂಚಿಸುವ ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ನಮ್ಮ ನಾಡಿನ ನೆಲದಲ್ಲಿ ಹೆಸರು ಉಳಿದಿರುವ ಅತ್ಯಂತ ಪ್ರಾಚೀನ ಬರಹಗಾರ ಈತನೇ. ರಾಜನ ಆಜ್ಞೆಯನ್ನು ತಪ್ಪಿಲ್ಲದೆ, ಓದುವವರಿಗೆ ತಿಳಿಯುವಂತೆ, ಹೇಳಿದ ಕಾಲಕ್ಕೆ ಬರೆದು ಮುಗಿಸುವುದು ಅವನ ಕೆಲಸವಾಗಿದ್ದಿತು.

ಈ ಕೆಲಸ ಇಂದಿಗೂ ನಡೆಯುತ್ತಿದೆ. ಉಪಕರಣ ಮಾತ್ರ ಬದಲಾಗಿದೆ. ಬರಹವನ್ನು ಕೈಯಿಂದ ಬರೆಯುವುದು ಮೇಲೋ ಯಂತ್ರದಲ್ಲಿ ಅಚ್ಚಿಸುವುದು ಮೇಲೋ ಎಂಬ ಚರ್ಚೆ ವಿದ್ಯಾರ್ಥಿಗಳಲ್ಲಿಯೂ ಅಧ್ಯಾಪಕರಲ್ಲಿಯೂ ಆಗಾಗ್ಗೆ ಏಳುತ್ತದೆ. ಕೈಬರಹದಲ್ಲಿ ಬರೆದವನ ವ್ಯಕ್ತಿತ್ವವಿದೆ, ಯಂತ್ರದ ಬರಹ ನಿರ್ಜೀವವಾದುದು ಎಂದು ಒಂದು ಪಕ್ಷ. ಯಂತ್ರದಲ್ಲಿ ವೇಗವೂ ಸ್ಪಷ್ಟತೆಯೂ ಇವೆ, ಕೈಬರಹ ಕಾಲವ್ಯಯ ಎಂದು ಇನ್ನೊಂದು ಪಕ್ಷ. ಎರಡು ಪಕ್ಷಗಳೂ ಬಹುಮಟ್ಟಿಗೆ ಇಂಗ್ಲಿಷ್ ಬರವಣಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವಾದಿಸುತ್ತವೆ. ಕನ್ನಡ ಲಿಪಿಯ ಮಟ್ಟಿಗೆ ಈ ಪ್ರಶ್ನೆಗೆ ಬೇರೆಯೇ ಆದ ಚರಿತ್ರೆಯಿದೆ. ಅದನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ತಿಳಿದುಬರುವ ಒಂದೆರಡು ಸಂಗತಿಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ವಿಚಾರಣೆಗೆ ಒಂದು ಅಳತೆಗೋಲು ಬೇಕು. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ಓಲೆಗರಿಯ ಪ್ರತಿಯಿಂದ ಉದ್ಧರಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಅದು ಸಿಕ್ಕುತ್ತದೆ. ರಾಜಶಾಸನವನ್ನು ಬರೆಯುವ ಲೇಖಕನು ವ್ಯವಹಾರದ ಕಟ್ಟಳೆಗಳನ್ನೆಲ್ಲ ತಿಳಿದವನೂ, ಬೇಗ ರಚಿಸಬಲ್ಲವನೂ, ಅಕ್ಷರ ಚೆನ್ನಾಗಿರುವವನೂ, ಬರೆದುದನ್ನು ಓದಬಲ್ಲವನೂ ಆಗಿರಬೇಕೆಂದು ಅಲ್ಲಿ ವಿಧಿಸಿದೆ. ವಿಷಯಜ್ಞಾನ, ವೇಗ, ಸ್ಪಷ್ಟತೆ, ಓದುವ ಶಕ್ತಿ ಎಂಬ ಈ ನಾಲ್ಕು ಗುಣಗಳನ್ನು ಹೇಳುವಾಗ ಗ್ರಂಥಕಾರನು ಉಪಕರಣದ ಮಾತನ್ನೇ ಎತ್ತಿಲ್ಲವೆಂಬುದು ಗಮನಾರ್ಹ. ಲೇಖನಿಗೂ ಕೀಲಿಮಣೆಗೂ ಈ ಅಳತೆಗೋಲು ಸಮನಾಗಿ ಅನ್ವಯಿಸುತ್ತದೆ.

೨

ಮೊದಲು ಕೈಬರಹದ ಕಡೆಗೆ ನೋಡೋಣ. ಹಿಂದಿನವರ ಕೈಬರಹ ಸ್ವಚ್ಛಂದವಾದ ವೈಯಕ್ತಿಕ ಅಭಿವ್ಯಕ್ತಿಯಾಗಿತ್ತೆಂಬ ಭಾವನೆ ಸರಿಯಾದುದಲ್ಲ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಬರೆಯುವುದು ಬಹುಕಾಲದ ಅಭ್ಯಾಸವನ್ನು ಬೇಡುವ ಕುಶಲವಿದ್ಯೆ. ಗರಿಯ ನಾರಿನ ಜಾಡಿನಲ್ಲಿ ನೇರಗೆರೆಯನ್ನು ಒತ್ತಿ ಎಳೆದರೆ ಗರಿ ಸೀಳುತ್ತದೆ. ದಕ್ಷಿಣದ ಲಿಪಿಗಳು ದುಂಡಗಾಗಿರುವುದಕ್ಕೆ ಇದೂ ಒಂದು ಕಾರಣವೆಂದು ಪಂಡಿತರು ಅಭಿಪ್ರಾಯಪಟ್ಟಿದ್ದಾರೆ. ಹಾಗಿದ್ದಲ್ಲಿ ಉಪಕರಣವು ಅಕ್ಷರದ ಆಕಾರವನ್ನು ತಿದ್ದುವ ಕಾರ್ಯ ಯಂತ್ರಗಳಿಂದ ಆರಂಭವಾದುದಲ್ಲ. ಅದು ಗರಿಯಷ್ಟೇ ಹಳೆಯದು.

ಪ್ರತಿಮಾಡುವ ಕೆಲಸವು ಪುಣ್ಯಕಾರ್ಯವಾಗಿಯೂ ಇದ್ದಿತು. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಸಂಗತಿ ಸುಪ್ರಸಿದ್ಧವಾದುದು. ಆ ದಾನಶೀಲೆಯ ಹೆಸರು ಉಳಿಯಿತು, ಕವಿಯ ಹೆಸರು ಉಳಿಯಿತು. ಸಾವಿರ ಪ್ರತಿಗಳನ್ನು ಬರೆದ ಕೈಗಳ ಹೆಸರು ನಮಗೆ ತಿಳಿಯದು. ಬೆರಳಚ್ಚುಗಾರನು ಅನಾಮಿಕನೆಂದು ಮರುಗುವವರು ಈ ಹಿಂದಿನ ಅನಾಮಿಕರನ್ನೂ ನೆನೆಯಬೇಕು.

ಲೌಕಿಕ ವ್ಯವಹಾರದಲ್ಲಿ ಬಳಕೆಯಲ್ಲಿದ್ದ ಸಾಧನ ಕಡತ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಲಿನ ಮಸಿಯನ್ನು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಿಳಿಯ ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ವರ್ತಕರೂ ಶಾನುಭೋಗರೂ ಲೆಕ್ಕಪತ್ರಗಳನ್ನು ಇದರಲ್ಲಿ ಇಡುತ್ತಿದ್ದರು. ಬೇಕಾದಾಗ ಅಳಿಸಿ ಮತ್ತೆ ಬರೆಯುತ್ತಲೂ ಇದ್ದರು. ಆ ವಸ್ತು ಮರೆಯಾದರೂ ಹೆಸರು ಮರೆಯಾಗಲಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಇಂದು ಫೈಲಿಗೆ ಕಡತವೆನ್ನುತ್ತೇವೆ. ಗಣಕಯಂತ್ರದೊಳಗಿನ ಫೈಲೂ ಕಡತವೇ. ಒಂದು ಶಬ್ದ ಮೂರು ತಲೆಮಾರಿನ ಉಪಕರಣಗಳನ್ನು ಹೀಗೆ ದಾಟಿಬಂದಿದೆ.

ಶಾನುಭೋಗನ ಬರಹಕ್ಕೆ ಒಂದು ದೋಷವಿದ್ದಿತು. ಉತ್ತರ ಕರ್ನಾಟಕದ ಅನೇಕ ಕಡೆ ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿದ್ದವು. ಕನ್ನಡದಲ್ಲಿ ಬರೆದಲ್ಲಿಯೂ ಅಕ್ಷರಗಳನ್ನು ಕೂಡಿಸಿ ವೇಗವಾಗಿ ಎಳೆಯುವ ರೂಢಿ ಇದ್ದಿತು. ಬರೆದವನು ಓದಬಲ್ಲ, ಅವನ ಮಗ ಓದಬಲ್ಲ. ಜಮೀನಿನ ಒಡೆಯನಾದ ರೈತನು ಓದಲಾರ. ಕೈಬರಹದ ವೈಯಕ್ತಿಕತೆ ಇಲ್ಲಿ ಗುಣವಾಗಿರದೆ ಅಧಿಕಾರದ ಒಂದು ಸಾಧನವಾಗಿದ್ದಿತು. ಕೌಟಿಲ್ಯನ ಅಳತೆಗೋಲಿನಲ್ಲಿ ವೇಗಕ್ಕೆ ಪೂರ್ಣಾಂಕ ದೊರೆತರೂ ಸ್ಪಷ್ಟತೆಗೆ ದೊರೆಯುತ್ತಿರಲಿಲ್ಲ.

ಮುದ್ರಣ ಬಂದ ಮೇಲೂ ಕೈಬರಹ ಕೂಡಲೆ ಹಿಂದೆ ಸರಿಯಲಿಲ್ಲ. ಹೆರ್ಮನ್ ಮೋಗ್ಲಿಂಗ್ ಅವರು ೧೮೪೩ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಪ್ರಕಟವಾಯಿತು. ಕಲ್ಲಚ್ಚೆಂದರೆ ಕೈಯಿಂದ ಬರೆದುದನ್ನೇ ಕಲ್ಲಿಗೆ ಇಳಿಸಿ ಪ್ರತಿಗಳನ್ನು ತೆಗೆಯುವ ವಿಧಾನ. ಕನ್ನಡದ ಮೊದಲ ಪತ್ರಿಕೆ ಹೀಗೆ ಕೈಬರಹದ ಮುದ್ರಣವಾಗಿದ್ದಿತು. ಕಲ್ಲಚ್ಚು, ಮೊಳೆಯಚ್ಚು, ಬೆರಳಚ್ಚು ಎಂಬ ಮೂರು ಶಬ್ದಗಳಲ್ಲಿ ನಮ್ಮ ಲೇಖನ ಚರಿತ್ರೆಯ ಮೂರು ಘಟ್ಟಗಳು ಅಡಗಿವೆ.

೩

ಬೆರಳಚ್ಚು ಯಂತ್ರ ಅಮೆರಿಕದಲ್ಲಿ ಹುಟ್ಟಿದುದು. ಕ್ರಿಸ್ಟಫರ್ ಷೋಲ್ಸ್ ಮತ್ತು ಅವರ ಸಂಗಡಿಗರು ೧೮೬೮ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ರೆಮಿಂಗ್ಟನ್ ಕಾರ್ಖಾನೆಯವರು ೧೮೭೪ರಲ್ಲಿ ಅದನ್ನು ಮಾರಾಟಕ್ಕೆ ತಂದರು. ಯಂತ್ರ ಬಂದೊಡನೆ ಅದನ್ನು ಬಳಸುವ ವಿದ್ಯೆ ಬರಲಿಲ್ಲ. ಮೊದಲು ಅನೇಕರು ಕೀಲಿಗಳನ್ನು ನೋಡಿ, ಎರಡು ಮೂರು ಬೆರಳುಗಳಿಂದ ಹುಡುಕಿ ಒತ್ತುತ್ತಿದ್ದರು. ೧೮೮೮ರ ಜುಲೈ ೨೫ರಂದು ಸಿನ್ಸಿನಾಟಿ ನಗರದಲ್ಲಿ ನಡೆದ ಸ್ಪರ್ಧೆಯಲ್ಲಿ ಫ್ರಾಂಕ್ ಮೆಗರಿನ್ ಎಂಬ ನ್ಯಾಯಾಲಯದ ಶೀಘ್ರಲಿಪಿಗಾರನು ಕೀಲಿಗಳನ್ನು ನೋಡದೆಯೆ ಎಲ್ಲ ಬೆರಳುಗಳನ್ನೂ ಬಳಸಿ ಗೆದ್ದ ಮೇಲೆ ನೋಡದೆ ಒತ್ತುವ ಪದ್ಧತಿಗೆ ಮನ್ನಣೆ ದೊರೆಯಿತು. ಯಂತ್ರಕ್ಕೂ ವಿದ್ಯೆಗೂ ನಡುವೆ ಹೀಗೆ ಹದಿನಾಲ್ಕು ವರ್ಷಗಳ ಅಂತರವಿದ್ದಿತು. ಕನ್ನಡದಲ್ಲಿ ಈ ಅಂತರ ಇನ್ನೂ ಹಿರಿದಾಯಿತು.

ಮೈಸೂರು ಸಂಸ್ಥಾನದಲ್ಲಿ ೧೮೩೧ರಿಂದ ೧೮೮೧ರವರೆಗೆ ನಡೆದ ಕಮಿಷನರುಗಳ ಆಡಳಿತದಲ್ಲಿ ಮೇಲಿನ ಕಚೇರಿಗಳ ವ್ಯವಹಾರ ಇಂಗ್ಲಿಷಿಗೆ ತಿರುಗಿದ್ದಿತು. ಬೆರಳಚ್ಚು ಯಂತ್ರ ಬಂದಾಗ ಅದು ಇಂಗ್ಲಿಷ್ ಯಂತ್ರವಾಗಿಯೇ ಬಂದು ಇಂಗ್ಲಿಷ್ ಕಡತಗಳ ಪಕ್ಕದಲ್ಲಿ ಕುಳಿತಿತು. ಇದರಿಂದ ಒಂದು ವಿಚಿತ್ರವಾದ ತಾರತಮ್ಯ ಉಂಟಾಯಿತು. ಪ್ರಜೆಯ ಅರ್ಜಿ ಕನ್ನಡದಲ್ಲಿ, ಕೈಬರಹದಲ್ಲಿ. ಸರ್ಕಾರದ ಉತ್ತರ ಇಂಗ್ಲಿಷಿನಲ್ಲಿ, ಯಂತ್ರದ ಅಚ್ಚಿನಲ್ಲಿ. ಅಚ್ಚಾದುದಕ್ಕೆ ಗಾಂಭೀರ್ಯ, ಕೈಯಿಂದ ಬರೆದುದಕ್ಕೆ ದೈನ್ಯ ಎಂಬ ಭಾವನೆ ಜನರ ಮನಸ್ಸಿನಲ್ಲಿ ಬೇರೂರಿತು. ಕೈಬರಹ ಮತ್ತು ಬೆರಳಚ್ಚುಗಳ ಹೋಲಿಕೆ ನಮ್ಮಲ್ಲಿ ಎರಡು ಭಾಷೆಗಳ ಸ್ಥಾನಮಾನದ ಹೋಲಿಕೆಯೂ ಆಗಿದ್ದಿತೆಂಬುದನ್ನು ಮರೆಯಲಾಗದು.

೪

ಕನ್ನಡಕ್ಕೆ ಯಂತ್ರವನ್ನು ಅಳವಡಿಸುವುದು ಸುಲಭವಾದ ಕಾರ್ಯವಾಗಿರಲಿಲ್ಲ. ಸಾಮಾನ್ಯವಾದ ಯಂತ್ರದಲ್ಲಿ ಸುಮಾರು ೪೪ರಿಂದ ೪೬ ಕೀಲಿಗಳಿರುತ್ತವೆ. ಒಂದೊಂದರಲ್ಲಿ ಎರಡು ಗುರುತುಗಳಂತೆ ಹೆಚ್ಚೆಂದರೆ ೯೨ ಗುರುತುಗಳಿಗೆ ಸ್ಥಳ. ಕನ್ನಡದ ವರ್ಣಮಾಲೆಯಲ್ಲಿ ೪೯ ಅಕ್ಷರಗಳೇ ಆದರೂ ೩೪ ವ್ಯಂಜನಗಳ ಕಾಗುಣಿತವನ್ನು ಎಣಿಸಿದರೆ ನಾಲ್ಕು ನೂರನ್ನು ಮೀರುತ್ತದೆ. ಒತ್ತಕ್ಷರಗಳನ್ನು ಸೇರಿಸಿದರೆ ಸಾವಿರಗಳಾಗುತ್ತವೆ. ಮುದ್ರಣಾಲಯದ ಮೊಳೆಜೋಡಕನಿಗೆ ನೂರಾರು ಮನೆಗಳ ಪೆಟ್ಟಿಗೆಯಿರುತ್ತಿತ್ತು. ಬೆರಳಚ್ಚುಗಾರನಿಗೆ ಅಂತಹ ಅನುಕೂಲವಿಲ್ಲ.

ಆದುದರಿಂದ ಅಕ್ಷರವನ್ನು ಇಡಿಯಾಗಿ ಎಣಿಸದೆ ಅದರ ಅಂಗಗಳನ್ನಾಗಿ ಬಿಡಿಸಬೇಕಾಯಿತು. ಕನ್ನಡ ಲಿಪಿಯ ರಚನೆಯಲ್ಲಿಯೇ ಇದಕ್ಕೆ ಅವಕಾಶವಿದೆ. ಅನೇಕ ವ್ಯಂಜನಗಳಿಗೆ ತಲೆಕಟ್ಟು ಸಮಾನವಾದುದು. ಗುಡಿಸು, ಕೊಂಬು, ಏತ್ವಗಳು ಅಕ್ಷರದಿಂದ ಅಕ್ಷರಕ್ಕೆ ಹೆಚ್ಚು ಬದಲಾಗುವುದಿಲ್ಲ. ದೀರ್ಘದ ಒಂದೇ ಗುರುತು ಕೀ, ಕೇ, ಕೋ ಮೂರರಲ್ಲಿಯೂ ಬರುತ್ತದೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಅಡಿಯ ಸಣ್ಣ ಗೆರೆ ಮಾತ್ರ. ಒತ್ತನ್ನು ಅಕ್ಷರದ ಕೆಳಗೆ ಮೂಡಿಸಬೇಕಾದಾಗ ಕಾಗದದ ಗಾಡಿ ಮುಂದಕ್ಕೆ ಚಲಿಸಬಾರದು. ಅದಕ್ಕಾಗಿ ಒತ್ತಿದರೂ ಗಾಡಿಯನ್ನು ಚಲಿಸಗೊಡದ ನಿಶ್ಚಲ ಕೀಲಿಗಳ ಉಪಾಯವನ್ನು ಭಾರತೀಯ ಲಿಪಿಗಳ ಯಂತ್ರಗಳಲ್ಲಿ ಅವಲಂಬಿಸಲಾಯಿತು. ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೀರ್ತಿ ಕೆ. ಅನಂತಸುಬ್ಬರಾಯರಿಗೆ ಸಲ್ಲುತ್ತದೆ. ಕನ್ನಡ ಬೆರಳಚ್ಚಿನ ಪ್ರಸ್ತಾಪ ಬಂದಾಗಲೆಲ್ಲ ಅವರ ಹೆಸರು ಬರುವುದು ಯುಕ್ತವೇ ಆಗಿದೆ.

ಈ ಉಪಾಯದಿಂದ ಕೆಲವು ನಷ್ಟಗಳೂ ಆದವು. ಸಾಮಾನ್ಯ ಯಂತ್ರ ಪ್ರತಿಯೊಂದು ಗುರುತಿಗೂ ಒಂದೇ ಅಗಲವನ್ನು ಕೊಡುತ್ತದೆ. ಕನ್ನಡದ ರಕಾರ ಕಿರಿದು, ಯಕಾರ ಮಕಾರಗಳು ಹಿರಿದು. ಆದುದರಿಂದ ಹಿರಿಯ ಅಕ್ಷರಗಳು ಇರುಕಿಕೊಂಡವು, ಕಿರಿಯವು ಬಿಡಿಬಿಡಿಯಾಗಿ ನಿಂತವು. ಒತ್ತುಗಳಿಗಾಗಿ ಸಾಲುಗಳ ನಡುವೆ ಹೆಚ್ಚು ತೆರಪು ಬೇಕಾಗಿ ಪುಟದಲ್ಲಿ ಹಿಡಿಯುವ ಮಾತು ಕಡಿಮೆಯಾಯಿತು. ಲಿಪಿಯನ್ನು ಸುಧಾರಿಸಿ ಯಂತ್ರಕ್ಕೆ ಅನುಕೂಲ ಮಾಡಬೇಕೆಂಬ ವಾದಗಳು ಈ ಕಾರಣದಿಂದಲೇ ಬಲಗೊಂಡವು. ಅವು ನಾಡಿನಲ್ಲಿ ನೆಲೆಯೂರದೆ ಹೋದುದು ಒಳಿತೇ ಆಯಿತೆಂದು ಇಂದು ಹೇಳಬಹುದು. ಏಕೆಂದರೆ ಲಿಪಿ ಯಂತ್ರಕ್ಕಾಗಿ ಬಾಗುವ ಮೊದಲು ಯಂತ್ರವೇ ಲಿಪಿಗೆ ಬಾಗುವ ಕಾಲ ಬಂದಿತು.

ಇಲ್ಲಿ ನಾವು ಒಂದು ಸಂಗತಿಯನ್ನು ವಿಶೇಷವಾಗಿ ಎತ್ತಿಹೇಳಬಯಸುತ್ತೇವೆ. ‘ಕರ್ಮ’ ಎಂಬ ಶಬ್ದವನ್ನು ತೆಗೆದುಕೊಳ್ಳೋಣ. ಉಚ್ಚಾರಣೆಯಲ್ಲಿ ರೇಫವು ಮಕಾರಕ್ಕೆ ಮೊದಲು ಬರುತ್ತದೆ. ಆದರೆ ಕೈಯಿಂದ ಬರೆಯುವವನು ಮೊದಲು ಕ, ಬಳಿಕ ಮ, ಕೊನೆಗೆ ಅರ್ಕಾವೊತ್ತು, ಈ ಕ್ರಮದಲ್ಲಿ ಬರೆಯುತ್ತಾನೆ. ಬೆರಳಚ್ಚು ಯಂತ್ರದಲ್ಲಿಯೂ ಕ್ರಮ ಅದೇ. ಗುರುತುಗಳು ಎಡದಿಂದ ಬಲಕ್ಕೆ ಒಂದಾದ ಮೇಲೊಂದು ಮೂಡಬೇಕು. ಲೇಖನಿ ಹಿಡಿದವನೂ ಕೀಲಿ ಒತ್ತಿದವನೂ ಇಬ್ಬರೂ ಕಣ್ಣಿನ ಕ್ರಮವನ್ನೇ ಅನುಸರಿಸುತ್ತಾರೆ. ಗಣಕಯಂತ್ರದಲ್ಲಿ ಹಾಗಲ್ಲ. ಅಲ್ಲಿ ಕ, ರ, ಅರ್ಧಾಕ್ಷರದ ಗುರುತು, ಮ ಎಂದು ನುಡಿಯುವ ಕ್ರಮದಲ್ಲಿ ಒತ್ತಬೇಕು. ಅರ್ಕಾವೊತ್ತನ್ನು ಅದರ ಸ್ಥಾನದಲ್ಲಿ ನಿಲ್ಲಿಸುವ ಭಾರ ಯಂತ್ರದ್ದು. ಕನ್ನಡ ಬರವಣಿಗೆಯ ಚರಿತ್ರೆಯಲ್ಲಿ ಇದು ಹಿರಿದಾದ ಬದಲಾವಣೆ. ಸಾಮಾನ್ಯವಾಗಿ ಕೈಬರಹ ಒಂದು ಕಡೆ, ಬೆರಳಚ್ಚೂ ಗಣಕವೂ ಇನ್ನೊಂದು ಕಡೆ ಎಂದು ವಿಂಗಡಿಸುತ್ತೇವೆ. ಕನ್ನಡದ ಮಟ್ಟಿಗೆ ಬೆರಳಚ್ಚು ಯಂತ್ರ ಲೇಖನಿಯ ಬಂಧು. ಎರಡೂ ಅಕ್ಷರದ ರೂಪವನ್ನು ಕಟ್ಟುತ್ತವೆ. ಗಣಕದ ಕೀಲಿಮಣೆಯಾದರೋ ನುಡಿಯನ್ನು ದಾಖಲಿಸುತ್ತದೆ.

೫

೧೯೬೩ನೆಯ ವರ್ಷ ನಮ್ಮ ವಿಷಯದಲ್ಲಿ ಮುಖ್ಯವಾದುದು. ಏಕೀಕೃತ ಮೈಸೂರು ರಾಜ್ಯ ೧೯೫೬ರ ನವೆಂಬರ್ ೧ರಂದು ಉದಯಿಸಿದ್ದಿತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮ ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು ವಂಶಪಾರಂಪರ್ಯವಾದ ಶಾನುಭೋಗಿಕೆ ಕೊನೆಗೊಂಡಿತು. ಅದೇ ವರ್ಷ ಕನ್ನಡವನ್ನು ಆಡಳಿತಭಾಷೆಯಾಗಿ ಮಾಡುವ ರಾಜಭಾಷಾ ಅಧಿನಿಯಮವೂ ಅಂಗೀಕೃತವಾಯಿತು. ಒಂದು ಕಡೆ ತಂದೆಯಿಂದ ಮಗನಿಗೆ ಬಂದ ಬರಹದ ಅಧಿಕಾರ ಮುಗಿಯಿತು. ಇನ್ನೊಂದು ಕಡೆ ಕಲಿತವರಾರಿಗಾದರೂ ತೆರೆದ ಬರಹದ ಉದ್ಯೋಗಕ್ಕೆ ಶಾಸನದ ತಳಹದಿ ದೊರೆಯಿತು.

ಆದರೆ ಶಾಸನವಾದ ಮಾತ್ರಕ್ಕೆ ಕನ್ನಡ ಕಚೇರಿಗೆ ಬರಲಿಲ್ಲ. ಯಂತ್ರಗಳು ಸಾಲವು, ಬೆರಳಚ್ಚುಗಾರರಿಲ್ಲ, ಶೀಘ್ರಲಿಪಿಗಾರರಿಲ್ಲ ಎಂಬ ಮಾತು ಬಹುಕಾಲ ಕೇಳಿಬಂದಿತು. ಇದರಲ್ಲಿ ನೆಪವೂ ಇದ್ದಿತು, ಸತ್ಯವೂ ಇದ್ದಿತು. ಭಾಷೆಗೆ ಅಧಿಕಾರ ಬರಬೇಕಾದರೆ ವಿಧಾನಮಂಡಲದ ನಿರ್ಣಯದಷ್ಟೇ ಹತ್ತು ಬೆರಳುಗಳ ಅಭ್ಯಾಸವೂ ಅವಶ್ಯಕವೆಂಬುದನ್ನು ಈ ಅವಧಿಯ ಚರಿತ್ರೆ ತೋರಿಸುತ್ತದೆ. ಮುಂಬಯಿಯ ಗೋದ್ರೆಜ್ ಕಾರ್ಖಾನೆಯಲ್ಲಿ ೧೯೫೫ರಿಂದ ಬೆರಳಚ್ಚು ಯಂತ್ರಗಳು ಸ್ವದೇಶದಲ್ಲಿಯೇ ತಯಾರಾಗತೊಡಗಿದುದರಿಂದ ಯಂತ್ರಗಳ ಅಭಾವ ಕ್ರಮವಾಗಿ ತಗ್ಗಿತು. ಕಲಿಸುವ ಭಾರವನ್ನು ಹೊತ್ತವು ಊರೂರುಗಳ ಬೆರಳಚ್ಚು ಶಾಲೆಗಳು.

ಬೆಂಗಳೂರಿನ ದಕ್ಷಿಣ ಭಾಗವನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು. ೧೯೪೮ರಲ್ಲಿ ಆರಂಭವಾದ ಜಯನಗರ ಬಡಾವಣೆ, ಅದರ ಬಳಿಕ ಬೆಳೆದ ಬನಶಂಕರಿ, ಜಯಪ್ರಕಾಶ ನಗರ, ಬಿ. ಟಿ. ಎಂ. ಬಡಾವಣೆಗಳು ಎದ್ದುನಿಂತಿರುವುದು ಯಡಿಯೂರು, ಬೈರಸಂದ್ರ, ಸಾರಕ್ಕಿ, ತಾವರೆಕೆರೆ, ಮಡಿವಾಳ ಮೊದಲಾದ ಗ್ರಾಮಗಳ ಹೊಲಗದ್ದೆಗಳ ಮೇಲೆ. ಬಿ. ಟಿ. ಎಂ. ಎಂಬ ಹೆಸರೇ ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲ ಅಕ್ಷರಗಳಿಂದಾದುದು. ಶಾನುಭೋಗನ ಕೈಬರಹದಲ್ಲಿ ಸರ್ವೆ ನಂಬರುಗಳಾಗಿದ್ದ ನೆಲ ಅಚ್ಚಾದ ಪತ್ರಗಳಲ್ಲಿ ನಿವೇಶನ ಸಂಖ್ಯೆಗಳಾಯಿತು. ಆ ನೆಲದಲ್ಲಿ ಮನೆಮಾಡಿದ ಗುಮಾಸ್ತರ, ಉಪಾಧ್ಯಾಯರ, ಬ್ಯಾಂಕು ಕಾರ್ಖಾನೆಗಳ ನೌಕರರ ಮಕ್ಕಳು ಎಸ್. ಎಸ್. ಎಲ್. ಸಿ. ಪರೀಕ್ಷೆ ಮುಗಿದ ಬೇಸಗೆಯಲ್ಲಿ ಟೈಪಿಂಗ್ ಶಾಲೆಗೆ ಸೇರುವುದು ಒಂದು ವಾಡಿಕೆಯಾಯಿತು. ಅಂಗಡಿಸಾಲಿನ ಮಾಳಿಗೆಯ ಒಂದೆರಡು ಕೋಣೆಗಳಲ್ಲಿ ಹತ್ತಾರು ಯಂತ್ರಗಳು, ಗಂಟೆಗೊಂದು ತಂಡ, ಮುಂಜಾನೆಯಿಂದ ರಾತ್ರಿಯವರೆಗೆ ನಿಲ್ಲದ ಸದ್ದು. ಕಾಲೇಜು ಶಿಕ್ಷಣಕ್ಕೆ ಹಣವಿಲ್ಲದ ಮನೆಗಳ ಹೆಣ್ಣುಮಕ್ಕಳಿಗೆ ಈ ಶಾಲೆ ಸಂಬಳದ ಉದ್ಯೋಗಕ್ಕೆ ತೆರೆದ ಬಾಗಿಲಾಗಿದ್ದಿತು. ಸರ್ಕಾರಿ ಕಚೇರಿ ಮತ್ತು ನ್ಯಾಯಾಲಯಗಳ ಬೆರಳಚ್ಚುಗಾರರ ಹುದ್ದೆಗೆ ಪ್ರೌಢ ದರ್ಜೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂಬ ನಿಯಮ ಈ ಕಲಿಕೆಗೆ ಬೆಲೆಯನ್ನು ತಂದಿತು.

ಅಲ್ಲಿ ಕಲಿಸುತ್ತಿದ್ದುದೇನು? ಮೊದಲ ಪಾಠ ಕೂರುವ ಕ್ರಮ: ಬೆನ್ನು ನೆಟ್ಟಗೆ, ಮೊಣಕೈ ಮೈಗೆ ಹತ್ತಿರ, ಮಣಿಕಟ್ಟು ಯಂತ್ರಕ್ಕೆ ತಾಗದಂತೆ. ಬಳಿಕ ನಡುಸಾಲಿನ ಕೀಲಿಗಳ ಮೇಲೆ ಎಂಟು ಬೆರಳುಗಳ ನೆಲೆ. ಕಿರುಬೆರಳಿಗೂ ತೋರುಬೆರಳಿಗೂ ಸಮನಾದ ಒತ್ತು ಬರುವವರೆಗೆ ಒಂದೇ ಪಾಠ ಪುಟಗಟ್ಟಲೆ. ಮಸಿಪಟ್ಟಿಯ ಯಂತ್ರದಲ್ಲಿ ಒತ್ತಿದ ಬಲ ಕಾಗದದ ಮೇಲೆ ಕಾಣುತ್ತದೆ. ಕಿರುಬೆರಳಿನ ಅಕ್ಷರ ಮಸಕಾದರೆ ಉಪಾಧ್ಯಾಯರಿಗೆ ಕೂಡಲೆ ತಿಳಿಯುತ್ತಿತ್ತು. ವೇಗಕ್ಕಿಂತ ಮೊದಲು ಲಯ. ಲಯ ಕೂಡಿಬಂದ ಮೇಲೆ ವೇಗ ತಾನಾಗಿ ಬರುತ್ತದೆಂಬುದು ಶಾಲೆಗಳ ನಂಬಿಕೆ. ಕನ್ನಡದಲ್ಲಿ ಈ ಲಯ ಇನ್ನೂ ಕಷ್ಟವಾದುದು. ನಿಶ್ಚಲ ಕೀಲಿ ಬಂದಾಗ ಗಾಡಿ ನಿಲ್ಲುತ್ತದೆ, ಕೈಗೆ ಅದರ ಅರಿವಿರಬೇಕು. ಇಂಗ್ಲಿಷಿನಲ್ಲಿ ಐದು ಒತ್ತುಗಳನ್ನು ಒಂದು ಶಬ್ದವೆಂದು ಎಣಿಸುವ ರೂಢಿಯಿದೆ. ಒಂದೇ ಅಕ್ಷರಕ್ಕೆ ಮೂರು ನಾಲ್ಕು ಒತ್ತುಗಳು ಬೇಕಾಗಬಹುದಾದ ಕನ್ನಡವನ್ನು ಆ ಲೆಕ್ಕದಿಂದ ಅಳೆದು ಕನ್ನಡ ಬೆರಳಚ್ಚು ನಿಧಾನವೆಂದು ಹೇಳುವುದು ನ್ಯಾಯವಲ್ಲ.

ತಪ್ಪಿಗೆ ತೆರಬೇಕಾದ ಬೆಲೆಯೂ ದೊಡ್ಡ ಗುರುವಾಗಿದ್ದಿತು. ಮೂರು ಕಾರ್ಬನ್ ಪ್ರತಿಗಳ ನಡುವೆ ಒಂದಕ್ಷರ ತಪ್ಪಿದರೆ ನಾಲ್ಕು ಹಾಳೆಗಳಲ್ಲಿ ಅಳಿಸಬೇಕು. ಸೈಕ್ಲೋಸ್ಟೈಲ್ ಮಾಡುವ ಸ್ಟೆನ್ಸಿಲ್ ಹಾಳೆಯಲ್ಲಿ ತಪ್ಪಿದರೆ ಲೇಪದಿಂದ ಮುಚ್ಚಿ, ಒಣಗಿಸಿ, ಅದೇ ಸ್ಥಾನದಲ್ಲಿ ಮತ್ತೆ ಒತ್ತಬೇಕು. ಆದುದರಿಂದ ಬೆರಳಚ್ಚುಗಾರನು ವಾಕ್ಯವನ್ನು ಓದಿ, ಗ್ರಹಿಸಿ, ಬಳಿಕ ಒತ್ತುತ್ತಿದ್ದನು. ಅಧಿಕಾರಿಯ ಅಸ್ಪಷ್ಟ ಕೈಬರಹವನ್ನು ಓದುವುದೂ, ಕಾಗುಣಿತವನ್ನು ತಿದ್ದುವುದೂ ಅವನ ಪಾಲಿಗೆ ಬರುತ್ತಿದ್ದವು. ಕೌಟಿಲ್ಯನು ಹೇಳಿದ ಓದುವ ಶಕ್ತಿ ಇದೇ. ಯಂತ್ರದ ಬರಹವೆಂದರೆ ಯಾಂತ್ರಿಕವಾದ ಬರಹವೆಂಬ ಮಾತು ಈ ವೃತ್ತಿಯನ್ನು ಬಲ್ಲವರಿಗೆ ಒಪ್ಪಿಗೆಯಾಗದು.

೬

ಗಣಕಯಂತ್ರ ಬಂದಾಗ ಕನ್ನಡಕ್ಕೆ ಹೊಸ ವಿನ್ಯಾಸಗಳು ಬಂದವು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಉಚ್ಚಾರಣೆಯ ಕ್ರಮವನ್ನು ಆಧರಿಸಿದ ಕೀಲಿಮಣೆಯನ್ನು ರೂಪಿಸಿದರು. ಇಂಗ್ಲಿಷ್ ಕೀಲಿಮಣೆಯ ೨೬ ಅಕ್ಷರಗಳಲ್ಲಿಯೇ ಕನ್ನಡದ ಎಲ್ಲ ವರ್ಣಗಳನ್ನೂ ಅಳವಡಿಸಿ, ಕಾಗುಣಿತ ಒತ್ತುಗಳನ್ನು ಯಂತ್ರವೇ ಕಟ್ಟಿಕೊಳ್ಳುವಂತೆ ಮಾಡಿದುದು ಅದರ ವೈಶಿಷ್ಟ್ಯ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅನಂತರ ಬಂದು ಸರ್ಕಾರಿ ಕಚೇರಿಗಳಲ್ಲಿ ನೆಲೆಗೊಂಡಿತು. ರಾಯರ ವಿನ್ಯಾಸವೇ ಅಲ್ಪ ಮಾರ್ಪಾಟುಗಳೊಡನೆ ಸರ್ಕಾರದ ಅಂಗೀಕೃತ ವಿನ್ಯಾಸವಾಯಿತು. ಗೋದ್ರೆಜ್ ಕಾರ್ಖಾನೆ ೨೦೦೯ರಲ್ಲಿ ಬೆರಳಚ್ಚು ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು.

ಕೈಬರಹದಿಂದ ಕೀಲಿಮಣೆಗೆ ಆದ ಈ ಪರಿವರ್ತನೆಯ ಅತ್ಯಂತ ಹಿರಿದಾದ ಪರೀಕ್ಷೆ ನಡೆದುದು ಜಮೀನಿನ ದಾಖಲೆಗಳಲ್ಲಿ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಎಂಬ ಯೋಜನೆಯಡಿ ೬೭ ಲಕ್ಷ ಭೂಹಿಡುವಳಿದಾರರ ಸುಮಾರು ೨ ಕೋಟಿ ಪಹಣಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿ ಕೊಡುವುದನ್ನು ನಿಷೇಧಿಸಿತು. ೧೫ ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿ ಸ್ಪಷ್ಟವಾದ ಕನ್ನಡ ಅಚ್ಚಿನಲ್ಲಿ ಪಹಣಿ ರೈತನ ಕೈಗೆ ಬಂದಿತು. ದಾಖಲೆಯನ್ನು ತಿದ್ದುವ ಅಧಿಕಾರಿ ತನ್ನ ಬೆರಳ ಗುರುತನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆಯೇ ಪ್ರವೇಶ. ಬೆರಳಚ್ಚು ಎಂಬ ಕನ್ನಡ ಶಬ್ದಕ್ಕೆ ಯಂತ್ರದ ಬರಹವೆಂಬ ಅರ್ಥವೂ ಬೆರಳಿನ ಗುರುತೆಂಬ ಅರ್ಥವೂ ಇವೆ. ಆ ಎರಡು ಅರ್ಥಗಳೂ ಇಲ್ಲಿ ಒಂದೇ ಮೇಜಿನ ಮೇಲೆ ಕೂಡಿಕೊಂಡವು. ಅಚ್ಚಿನ ಬರಹ ಯಾರದೆಂದು ತಿಳಿಯದೆಂಬ ಹಳೆಯ ಆಕ್ಷೇಪಕ್ಕೆ ಇದೊಂದು ಸಮಾಧಾನ.

ಲಾಭ ಸ್ಪಷ್ಟವಾದುದೇ. ಆದರೆ ಕೈಬರಹವನ್ನು ತಪ್ಪಾಗಿ ಓದಿಯೋ, ಕೀಲಿಯನ್ನು ತಪ್ಪ ಒತ್ತಿಯೋ ಆದ ದೋಷಗಳು ರೈತರನ್ನು ತಿದ್ದುಪಡಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಸಿದುದೂ ಉಂಟು; ಪಹಣಿ ತಿದ್ದುಪಡಿಗೆಂದು ಅದಾಲತ್ತುಗಳನ್ನೇ ನಡೆಸಬೇಕಾಯಿತು. ಹೆಸರಿನ ಒಂದಕ್ಷರ ಆಧಾರಪತ್ರದಲ್ಲಿ ಒಂದು ಬಗೆ, ಪಹಣಿಯಲ್ಲಿ ಒಂದು ಬಗೆಯಾದರೆ ಸಾಲವೂ ಪರಿಹಾರವೂ ನಿಲ್ಲುತ್ತವೆ. ಕೈಬರಹದ ಕಾಲದಲ್ಲಿ ಶಾನುಭೋಗನಿಗೆ ರೈತನ ಗುರುತಿತ್ತು; ಅಕ್ಷರ ತಪ್ಪಿದ್ದರೂ ಮನುಷ್ಯ ತಪ್ಪುತ್ತಿರಲಿಲ್ಲ. ಯಂತ್ರಕ್ಕೆ ಅಕ್ಷರದ ಹೊರತು ಬೇರೆ ಗುರುತಿಲ್ಲ. ಚೆನ್ನಾಗಿ ಬೆರಳಚ್ಚಿಸುವುದು ಈ ಕಾರಣದಿಂದ ಅಂದಚೆಂದದ ವಿಷಯವಾಗಿರದೆ ನ್ಯಾಯದ ವಿಷಯವಾಗಿದೆ.

ದೋಷಗಳ ಸ್ವರೂಪವನ್ನು ಕುರಿತು ಸಂಶೋಧಕರು ಗಮನಿಸಬೇಕಾದ ಅಂಶವೊಂದುಂಟು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಪ್ರಕಟವಾದಂದಿನಿಂದ ಲಿಪಿಕಾರರ ಸ್ಖಾಲಿತ್ಯಗಳ ಅಧ್ಯಯನ ನಮ್ಮಲ್ಲಿ ಶಾಸ್ತ್ರೀಯವಾದ ನೆಲೆಯನ್ನು ಪಡೆದಿದೆ. ಓಲೆಯ ಲಿಪಿಕಾರನ ತಪ್ಪು ಹೆಚ್ಚಾಗಿ ಕಣ್ಣಿನದು: ಆಕಾರಸಾಮ್ಯವುಳ್ಳ ವಕಾರ ಮಕಾರಗಳು ಅದಲುಬದಲಾಗುತ್ತವೆ, ಸಾಲು ಜಾರುತ್ತದೆ, ಶಬ್ದ ಇಮ್ಮಡಿಸುತ್ತದೆ. ಬೆರಳಚ್ಚು ಯಂತ್ರದ ತಪ್ಪು ಬೆರಳಿನದು: ಪಕ್ಕದ ಕೀಲಿ ಒತ್ತಿಹೋಗುತ್ತದೆ, ಒತ್ತು ಬಿಟ್ಟುಹೋಗುತ್ತದೆ. ಉಚ್ಚಾರಣಾನುಸಾರಿಯಾದ ಕೀಲಿಮಣೆಯಲ್ಲಿ ನಕಾರ ಣಕಾರಗಳು ಒಂದೇ ಕೀಲಿಯಲ್ಲಿವೆ, ಲಕಾರ ಳಕಾರಗಳು ಒಂದೇ ಕೀಲಿಯಲ್ಲಿವೆ, ಸಕಾರ ಶಕಾರಗಳೂ ಅಷ್ಟೆ; ಮೇಲ್ಕೀಲಿಯನ್ನು ಹಿಡಿಯುವ ಕಿರುಬೆರಳು ಸೋಮಾರಿಯಾದರೆ ಬಾಣ ಬಾನವಾಗುತ್ತದೆ, ಬಳಿ ಬಲಿಯಾಗುತ್ತದೆ. ಈ ತಪ್ಪನ್ನು ನೋಡಿದವರು ಬರೆದವನಿಗೆ ಉಚ್ಚಾರಣೆ ತಿಳಿಯದೆಂದು ನಿರ್ಣಯಿಸುತ್ತಾರೆ. ನಿಜವಾದ ಕಾರಣ ಬೆರಳಿನ ಅಶಿಕ್ಷಣವಾಗಿರಬಹುದು. ಮುಂದೆ ನಮ್ಮ ಕಾಲದ ಗ್ರಂಥಗಳನ್ನು ಸಂಪಾದಿಸುವವರು ಪಾಠಾಂತರಗಳನ್ನು ತೂಗುವಾಗ ಮೂಲಪ್ರತಿ ಯಾವ ಉಪಕರಣದಲ್ಲಿ, ಯಾವ ವಿನ್ಯಾಸದಲ್ಲಿ ಸಿದ್ಧವಾಯಿತೆಂಬುದನ್ನು ಅರಿತಿರಬೇಕಾಗುತ್ತದೆ.

೭

ಕೈಬರಹ ಮತ್ತು ಬೆರಳಚ್ಚುಗಳ ಪರಸ್ಪರ ಯೋಗ್ಯತೆಯನ್ನು ಕುರಿತು ಮನಶ್ಶಾಸ್ತ್ರಜ್ಞರೂ ಪ್ರಯೋಗಗಳನ್ನು ನಡೆಸಿದ್ದಾರೆ. ಉಪನ್ಯಾಸದ ಟಿಪ್ಪಣಿಯನ್ನು ಕೈಯಿಂದ ಬರೆದುಕೊಂಡ ವಿದ್ಯಾರ್ಥಿಗಳು ವಿಷಯವನ್ನು ಹೆಚ್ಚು ಚೆನ್ನಾಗಿ ಗ್ರಹಿಸಿದರೆಂದು ಮ್ಯುಲರ್ ಮತ್ತು ಓಪನ್‌ಹೈಮರ್ ಅವರು ೨೦೧೪ರಲ್ಲಿ ಪ್ರಕಟಿಸಿದರು. ೨೦೧೯ರಲ್ಲಿ ಅದೇ ಪ್ರಯೋಗವನ್ನು ಬೇರೆಯವರು ಮತ್ತೆ ನಡೆಸಿದಾಗ ಅಷ್ಟು ಸ್ಪಷ್ಟವಾದ ಅಂತರ ಕಾಣಲಿಲ್ಲ. ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದ ೨೦೧೬ರ ಅಧ್ಯಯನದಲ್ಲಿ, ಹತ್ತು ಬೆರಳುಗಳನ್ನು ಬಳಸದ ಕೆಲವರೂ ಪದ್ಧತಿಯಂತೆ ಕಲಿತವರಷ್ಟೇ ವೇಗವಾಗಿ ಒತ್ತಬಲ್ಲರೆಂದು ತಿಳಿದುಬಂದಿತು. ಒಂದು ಕೀಲಿಗೆ ಯಾವಾಗಲೂ ಅದೇ ಬೆರಳನ್ನು ಬಳಸುವುದು ಅವರ ವೇಗದ ಒಂದು ಮುಖ್ಯ ಕಾರಣವಾಗಿತ್ತು. ಇವೆಲ್ಲ ರೋಮನ್ ಲಿಪಿಯ ಪ್ರಯೋಗಗಳು. ನುಡಿಯ ಕ್ರಮಕ್ಕೂ ಬರಹದ ಕ್ರಮಕ್ಕೂ ಭೇದವಿರುವ ಕನ್ನಡದಲ್ಲಿ ಫಲಿತಾಂಶ ಹೀಗೆಯೇ ಬರುವುದೆಂದು ಊಹಿಸಲಾಗದು. ನಮ್ಮ ವಿಶ್ವವಿದ್ಯಾನಿಲಯಗಳ ಭಾಷಾವಿಭಾಗಗಳೂ ಮನಶ್ಶಾಸ್ತ್ರ ವಿಭಾಗಗಳೂ ಕೂಡಿ ಇಂತಹ ಪ್ರಯೋಗಗಳನ್ನು ಕೈಗೊಳ್ಳುವುದು ಉಚಿತ.

ಚರಿತ್ರೆಯ ದೃಷ್ಟಿಯಿಂದ ನಮಗೆ ತೋರುವುದಿಷ್ಟು. ಕೈಬರಹಕ್ಕೆ ತನ್ನದೇ ಆದ ಕ್ಷೇತ್ರವಿದೆ. ಅಕ್ಷರದ ಆಕಾರವನ್ನು ಮಗುವಿನ ಮನಸ್ಸಿನಲ್ಲಿ ನಿಲ್ಲಿಸಲು, ಕೂಲಿಮಠದ ಮರಳಿನ ಮೇಲೆ ತಿದ್ದಿದ ಕಾಲದಿಂದಲೂ, ಅದಕ್ಕೆ ಸಮನಾದ ಸಾಧನ ದೊರೆತಿಲ್ಲ. ಜಯನಗರದ ನಿವಾಸಿಗಳಾಗಿದ್ದ ಜಿ. ವೆಂಕಟಸುಬ್ಬಯ್ಯನವರ ಹಿರಿತನವನ್ನು ಪಡೆದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಚೀಟಿಗಳಿಂದ ಬೆಳೆದ ಕಾರ್ಯ; ಶಬ್ದವನ್ನು ಓದಿ, ಆಯ್ದು, ಬರೆದುಕೊಳ್ಳುವುದರಲ್ಲಿ ಇರುವ ನಿಧಾನವೇ ಅಲ್ಲಿ ವಿಚಾರಕ್ಕೆ ಅವಕಾಶವನ್ನು ಕೊಟ್ಟಿತು. ಬಹುಜನರು ಓದಬೇಕಾದ, ತಿದ್ದಿ ತಿದ್ದಿ ಬೆಳೆಸಬೇಕಾದ, ಹುಡುಕಿ ತೆಗೆಯಬೇಕಾದ ಬರಹಕ್ಕೆ ಕೀಲಿಮಣೆಯೇ ಸರಿ. ಒಂದನ್ನು ಹಿಡಿದು ಇನ್ನೊಂದನ್ನು ಹಳಿಯುವುದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ.

ಆದರೆ ಒಂದು ಅಸಮತೆಯನ್ನು ಹೇಳದಿರಲಾಗದು. ಕೈಬರಹವನ್ನು ನಾವು ಮಕ್ಕಳಿಗೆ ವರ್ಷಗಟ್ಟಲೆ ಕಲಿಸುತ್ತೇವೆ. ಕನ್ನಡ ಕೀಲಿಮಣೆಯನ್ನು ಕಲಿಸುವುದು ಅಪರೂಪ. ಬೆರಳಚ್ಚು ಶಾಲೆಗಳು ವಿರಳವಾಗುತ್ತಿವೆ. ಅವುಗಳ ಸ್ಥಾನದಲ್ಲಿ ಶಿಸ್ತಾದ ಶಿಕ್ಷಣ ಬಂದಿಲ್ಲ. ಕೈಯಲ್ಲಿ ಯಂತ್ರ ಹಿಡಿದಿರುವ ತರುಣರಲ್ಲಿ ಅನೇಕರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ. ಅವರಿಗೆ ಕನ್ನಡ ಬಾರದೆಂದಲ್ಲ, ಕನ್ನಡ ಬೆರಳು ಬಾರದು. ಯಂತ್ರ ಮೊದಲು, ವಿದ್ಯೆ ಅನಂತರ ಎಂಬ ಹಳೆಯ ಅಂತರ ಮತ್ತೆ ತಲೆದೋರಿದೆ. ಪದವಿ ತರಗತಿಗಳ ಮೊದಲ ವರ್ಷದಲ್ಲಿ ಅಂಗೀಕೃತ ವಿನ್ಯಾಸವನ್ನು ನೋಡದೆ ಒತ್ತುವ ಅಭ್ಯಾಸವನ್ನು ಕೆಲವು ವಾರಗಳ ಕಾಲ ಮಾಡಿಸಿದರೆ ಈ ಅಂತರವನ್ನು ಮುಚ್ಚುವುದು ಅಸಾಧ್ಯವೇನಲ್ಲ. ಅದರೊಡನೆ, ಇನ್ನೂ ಉಳಿದಿರುವ ಕನ್ನಡ ಬೆರಳಚ್ಚು ಯಂತ್ರಗಳನ್ನೂ, ಪಾಠಪುಸ್ತಕಗಳನ್ನೂ, ಪರೀಕ್ಷೆಯ ಹಾಳೆಗಳನ್ನೂ ಸಂಗ್ರಹಿಸಿ, ವೃದ್ಧರಾದ ಉಪಾಧ್ಯಾಯರ ಅನುಭವಗಳನ್ನು ದಾಖಲಿಸಿಕೊಳ್ಳುವ ಕಾರ್ಯವೂ ಆಗಬೇಕು. ಓಲೆಗರಿಗಳನ್ನು ಮನೆಮನೆ ಅಲೆದು ಕೂಡಿಸಿದ ನಾಡಿಗೆ ಇದು ಹೊರೆಯಾಗಲಾರದು. ತಡಮಾಡಿದರೆ ಮಾತ್ರ ಕೂಡಿಸಲು ಏನೂ ಉಳಿಯಲಾರದು.